ಕುಳಿತು ನಡೆಯುವ ದಾರಿ



ನಮ್ಮೂರಾದ ಕೋಡ್ಲಾದಲ್ಲಿ ಬೆಳಗಿನ ಬಸ್ಸಿಗಾಗಿ ಕಾಯುವವರನ್ನು ನಾಲ್ಕಾರು ದಿನ ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ತಾನಾಗಿ ಗೋಚರಿಸುತ್ತದೆ. ಕಾಲೇಜಿಗೆ ಹೋಗುವ ಹುಡುಗರು, ಕಾರ್ಖಾನೆಯ ಪಾಳಿಗೆ ಹೊರಟ ತರುಣರು, ತಹಸೀಲ ಕಚೇರಿಯಲ್ಲಿ ಕೆಲಸವಿಟ್ಟುಕೊಂಡ ನಡುವಯಸ್ಸಿನವರು, ಇವರೆಲ್ಲರೂ ಬಸ್ಸಿನ ಸದ್ದು ಕಿವಿಗೆ ಬಿದ್ದ ಬಳಿಕ ಮನೆಯಿಂದ ಹೊರಬೀಳುತ್ತಾರೆ. ಮುತ್ಯಾ ಎಂದೂ ಆಯಿ ಎಂದೂ ಊರು ಕರೆಯುವ ವೃದ್ಧರಾದರೋ ಬಸ್ಸು ಬರುವುದಕ್ಕೆ ಮುಕ್ಕಾಲು ಗಂಟೆ ಇರುವಾಗಲೇ ಬಂದು, ಕೈಚೀಲವನ್ನು ತೊಡೆಯ ಮೇಲಿಟ್ಟು, ಬಡಿಗೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ದಾರಿಯ ಕಡೆಗೆ ಮುಖಮಾಡಿ ಕುಳಿತಿರುತ್ತಾರೆ. ಇದನ್ನು ಮುದಿಪ್ರಾಯದ ಆತುರವೆಂದು ತಿಳಿಯುವುದು ಲೋಕರೂಢಿ. ಬಹುಕಾಲ ನಾನೂ ಹಾಗೆಯೇ ತಿಳಿದಿದ್ದೆನು. ಮೇಷ್ಟರಿಕೆಯಿಂದ ನಿವೃತ್ತನಾಗಿ, ಅರವತ್ತೆಂಟು ದಾಟಿ, ಮೆಟ್ಟಿಲು ಕಂಡಾಗಲೆಲ್ಲ ಒಂದು ಕ್ಷಣ ನಿಂತು ಕೈಗೆ ಆಧಾರವನ್ನು ಅರಸುವ ಅಭ್ಯಾಸ ನನಗೂ ಬಂದಮೇಲೆ, ಅದು ಆತುರವಲ್ಲ, ಕಷ್ಟಪಟ್ಟು ಕಲಿತ ಲೆಕ್ಕಾಚಾರ ಎಂಬುದು ಮನವರಿಕೆಯಾಯಿತು. ಮನೆಯಿಂದ ನಿಲ್ದಾಣದವರೆಗಿನ ನಡಿಗೆ, ನಡುವೆ ಎರಡು ಸಲ ದಮ್ಮು ಹಿಡಿದು ಕೂಡುವುದು, ಬಸ್ಸು ಬರುವ ಮುನ್ನ ಉಸಿರು ಹದಕ್ಕೆ ಬರುವುದು, ನೂಕುನುಗ್ಗಲು ಕೂಡುವುದಕ್ಕೆ ಮೊದಲು ಬಾಗಿಲಿನ ಕಂಬಿಯನ್ನು ಹಿಡಿಯುವುದು, ಇಷ್ಟಕ್ಕೂ ಕಾಲ ಬೇಕು; ಆ ಕಾಲವನ್ನು ವೃದ್ಧರು ತಮ್ಮ ನಿದ್ದೆಯಿಂದ ತೆಗೆದು ಕೊಡುತ್ತಾರೆ.

ನಮ್ಮ ಕಲಬುರಗಿ ಸೀಮೆಯ ಪಟ್ಟಣಗಳಾದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಮುದುಕರು ದಿನನಿತ್ಯ ಎಲ್ಲಿಗೆ ಹೋಗುತ್ತಾರೆ, ಹೇಗೆ ಹೋಗುತ್ತಾರೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ. ವೃದ್ಧರ ಪ್ರಯಾಣ ಎಂದೊಡನೆ ನಮಗೆ ಕಾಶಿ, ಶ್ರೀಶೈಲ, ತಿರುಪತಿಗಳು ನೆನಪಾಗುತ್ತವೆ. ಆ ಮಹಾಪ್ರಯಾಣಗಳು ವರ್ಷಕ್ಕೊಮ್ಮೆಯೋ ಜನ್ಮಕ್ಕೊಮ್ಮೆಯೋ ಒದಗುವಂಥವು. ಅವುಗಳಿಗೆ ಮಗನ ಜೊತೆ, ಮೊಮ್ಮಗನ ಕೈ, ಊರಿನ ಬೀಳ್ಕೊಡುಗೆ ಎಲ್ಲವೂ ಇರುತ್ತವೆ. ನಾನು ಹೇಳಹೊರಟಿರುವುದು ಯಾರ ಜೊತೆಯೂ ಇಲ್ಲದೆ ನಡೆಯುವ ಕಿರುಪಯಣಗಳನ್ನು: ಸರಕಾರ ಕೊಡುವ ವೃದ್ಧಾಪ್ಯ ವೇತನವನ್ನು, ನಮ್ಮವರ ಬಾಯಲ್ಲಿ ಅದು ‘ಪಗಾರ’, ಬಿಡಿಸಿಕೊಳ್ಳಲು ಬ್ಯಾಂಕಿಗೆ, ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಗುಳಿಗೆಗಾಗಿ ದವಾಖಾನೆಗೆ, ಸಂತೆಗೆ, ಬೆರಳಿನ ಗುರುತು ಯಂತ್ರಕ್ಕೆ ಹೊಂದದೆ ಹಿಂದಿರುಗಿದ ಪಡಿತರಕ್ಕೆ, ಸತ್ತವರ ಮನೆಗೆ ಮಾತಾಡಿಸಲು, ಸೋಮವಾರ ಗುಡಿಗೆ, ಶುಕ್ರವಾರ ಮಸೀದಿಗೆ. ಎರಡು ಫರ್ಲಾಂಗಿನಿಂದ ಹತ್ತಿಪ್ಪತ್ತು ಮೈಲಿಯವರೆಗಿನ ಈ ಸಂಚಾರಗಳು ನಿಂತರೆ ಮುದುಕರ ಬದುಕು ಹೊರಸಿನ ನಾಲ್ಕು ಕಾಲುಗಳ ನಡುವೆ ಬಂದು ನಿಲ್ಲುತ್ತದೆ. 2011ರ ಜನಗಣತಿಯಲ್ಲಿ ಅರವತ್ತು ವರ್ಷ ತುಂಬಿದವರು ಭಾರತದಲ್ಲಿ ಹತ್ತು ಕೋಟಿಗಿಂತ ಹೆಚ್ಚು. ನಮ್ಮ ಪಟ್ಟಣಗಳಲ್ಲಿ ಈ ಸಂಖ್ಯೆ ಏರುತ್ತಿರುವುದಕ್ಕೆ ವಿಶೇಷ ಕಾರಣವೂ ಉಂಟು. 1936ರಲ್ಲಿ ಎಸಿಸಿ ಎಂಬ ಹೆಸರಿನಲ್ಲಿ ಒಂದುಗೂಡಿದ ಸಿಮೆಂಟ್ ಕಂಪನಿಗಳಲ್ಲಿ ಶಹಾಬಾದಿನದೂ ಒಂದು. ಮುಂದೆ ವಾಡಿಯಲ್ಲಿಯೂ, 1980ರ ದಶಕದಲ್ಲಿ ಸೇಡಂ, ಮಳಖೇಡಗಳಲ್ಲಿಯೂ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದವು. ಅಂದು ಇಪ್ಪತ್ತೈದರ ಹರೆಯದಲ್ಲಿ ಕೆಲಸಕ್ಕೆ ಸೇರಿದವರು ಇಂದು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂಡುವ ವಯಸ್ಸಿನವರು. ಅವರು ಕೆಲಸ ಮಾಡಿ ಬೆಳೆಸಿದ ಪಟ್ಟಣದಲ್ಲಿ ಅವರು ನಡೆಯುವುದೇ ಈಗ ದುಸ್ತರವಾಗಿದೆ.

ಒಂದು ದಿನದ ಅನುಭವವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು. ನನ್ನ ನೆರೆಮನೆಯ ತಾಯಿಯೊಬ್ಬರು, ಎಪ್ಪತ್ತೆಂಟು ಎಂಬತ್ತರ ವಯಸ್ಸಿನವರು, ಪಗಾರ ಬಂದಿದೆಯೋ ಇಲ್ಲವೋ ನೋಡಿಬರಲು ಸೇಡಮಿಗೆ ಹೊರಟಿದ್ದರು; ನನಗೂ ಅಲ್ಲಿ ಕೆಲಸವಿದ್ದುದರಿಂದ ಜೊತೆಗೂಡಿದೆನು. ಬಸ್ ನಿಲ್ದಾಣದಿಂದ ಬ್ಯಾಂಕಿಗೆ ಒಂದು ಕಿಲೋಮೀಟರಿಗೂ ಕಡಿಮೆ ದಾರಿ. ಟಂಟಂ ಹತ್ತೋಣವೆಂದರೆ ಒಲ್ಲೆನೆಂದರು. ಹತ್ತು ರೂಪಾಯಿ ಉಳಿಯುತ್ತದೆಂಬುದು ಒಂದು ಕಾರಣವಾದರೆ, ಹಿಂಬದಿಗೆ ಜೋತುಬಿದ್ದು ಹತ್ತುವ ಆ ಗಾಡಿಯಲ್ಲಿ ಕಳೆದ ವರ್ಷ ಕಾಲು ಉಳುಕಿದ ನೆನಪು ಮತ್ತೊಂದು ಕಾರಣ. ನಡೆದೆವು. ಆ ದಾರಿಯಲ್ಲಿ ಅವರು ಏಳು ಸಲ ನಿಂತರು. ಎಲ್ಲಿ ನಿಲ್ಲಬೇಕೆಂಬುದು ಮನೆ ಬಿಡುವ ಮುನ್ನವೇ ಅವರಿಗೆ ಗೊತ್ತಿತ್ತು ಎಂಬುದೇ ನನಗೆ ಸೋಜಿಗವಾದ ಸಂಗತಿ. ಇಳಿದ ಕೂಡಲೆ ನಿಲ್ದಾಣದ ಕಟ್ಟೆಯ ಅಂಚು ಒಂದು. ಬೆಳಿಗ್ಗೆ ತಡವಾಗಿ ಬಾಗಿಲು ತೆರೆಯುವ ಅರಿವೆ ಅಂಗಡಿಯ ಪಾವಟಿಗೆ ಎರಡನೆಯದು; ಅಂಗಡಿ ತೆರೆಯುವುದರೊಳಗಾಗಿ ಅದನ್ನು ದಾಟಬೇಕೆಂಬ ಕಾರಣಕ್ಕಾಗಿಯೇ ಅವರು ಮೊದಲ ಬಸ್ಸನ್ನು ಹಿಡಿಯುತ್ತಿದ್ದುದು. ಮೋರಿಯ ಮೇಲಿನ ಗಿಡ್ಡ ಗೋಡೆ ಮೂರನೆಯದು. ಹನಮಂದೇವರ ಕಟ್ಟೆ ನಾಲ್ಕನೆಯದು. ಅಲ್ಲಿ ಕುಳಿತಾಗ ಮಾತ್ರ ಅವರು ಚೀಲದ ಬಾಯಿ ಬಿಚ್ಚಿ ಪಾಸ್‌ಬುಕ್ಕು ಇದೆಯೇ ಎಂದು ನೋಡಿಕೊಂಡರು, ಸೆರಗಿನಿಂದ ಕೊರಳನ್ನು ಒರೆಸಿಕೊಂಡರು. ಐದನೆಯ ತಾಣಕ್ಕೆ ಬಂದಾಗ ಅವರ ಮುಖ ಬಾಡಿತು. ಅಲ್ಲಿ ಬೇವಿನ ಮರದ ಸುತ್ತ ಒಂದು ಕಟ್ಟೆ ಇತ್ತಂತೆ. ಚರಂಡಿ ತೋಡುವಾಗ ಕಟ್ಟೆಯೂ ಹೋಗಿತ್ತು, ಮರವೂ ಹೋಗಿತ್ತು. ಕೂಡಲು ಏನೂ ಇಲ್ಲದೆ ಅವರು ದೀಪದ ಕಂಬಕ್ಕೆ ಬೆನ್ನು ಕೊಟ್ಟು, ನನ್ನ ತೋಳನ್ನು ಹಿಡಿದು, ಕಣ್ಣುಮುಚ್ಚಿ ನಿಂತರು. ಹಿಡಿದ ಕೈ ಅದುರುತ್ತಿತ್ತು. ಸಿಮೆಂಟಿನ ಲಾರಿಗಳೆರಡು ಒಂದರ ಹಿಂದೊಂದು ಹೋದುವು. ಅವುಗಳ ಧೂಳು ಇಳಿಯುವವರೆಗೂ ಅವರು ಕಣ್ಣು ತೆರೆಯಲಿಲ್ಲ. ಆರನೆಯದು ಔಷಧಿ ಅಂಗಡಿಯ ಮೆಟ್ಟಿಲು. ಗಿರಾಕಿಗಳಿಗೆ ಅಡ್ಡಿಯಾಗುತ್ತದೆಂದು ಅಂಗಡಿಯಾತ ವಿನಯದಿಂದಲೇ ಹೇಳಿದ್ದರಿಂದ ಪೂರ್ತಿ ದಮ್ಮು ಹಿಡಿಯುವ ಮೊದಲೇ ಎದ್ದೆವು. ಏಳನೆಯದು ಬ್ಯಾಂಕಿನ ಪಾವಟಿಗೆಗಳು. ಅವು ಎಂಟು ಇದ್ದವು. ಬದಿಗೆ ಹಿಡಿಯಲು ಕಂಬಿ ಇರಲಿಲ್ಲ.

ಹಿಂದಿರುಗುವಾಗ ನಾನು, “ಅವ್ವಾ, ಇಷ್ಟು ದೂರ ನಡೀಲಾಕ ಹೆದರಿಕಿ ಆಗಂಗಿಲ್ಲೇನು?” ಎಂದು ಕೇಳಿದೆನು. “ದಾರಿ ಉದ್ದ ಇದ್ದರ ಹೆದರಿಕಿಲ್ಲ ಮಾಸ್ತರಾ, ಕೂಡಲಾಕ ಕಟ್ಟಿ ಇಲ್ದಿದ್ರ ಹೆದರಿಕಿ” ಎಂದರು.

ಆ ಮಾತಿನ ಬೆಳಕಿನಲ್ಲಿ ನಮ್ಮ ಪಟ್ಟಣಗಳನ್ನು ಮತ್ತೊಮ್ಮೆ ನೋಡುವ ಆಸೆ ನನಗಾಯಿತು. ಎಂಜಿನಿಯರು ದಾರಿಯನ್ನು ಮೀಟರಿನಿಂದ ಅಳೆಯುತ್ತಾನೆ, ಚಾಲಕನು ನಿಮಿಷದಿಂದ ಅಳೆಯುತ್ತಾನೆ. ವೃದ್ಧನು ಅದನ್ನು ಕೂಡುವ ತಾಣಗಳಿಂದ ಅಳೆಯುತ್ತಾನೆ. ಒಂದು ಕಟ್ಟೆ ಹೋದರೆ ನಡುವಯಸ್ಸಿನವನಿಗೆ ದಾರಿ ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. ಎಂಬತ್ತರ ತಾಯಿಗೆ ಅದು ಇಮ್ಮಡಿಯಾಗುತ್ತದೆ, ಕೆಲವೊಮ್ಮೆ ಅಲ್ಲಿಗೇ ಮುಗಿದುಹೋಗುತ್ತದೆ. ರಸ್ತೆ ಅಗಲವಾಗಬೇಕು, ಚರಂಡಿ ಹರಿಯಬೇಕು, ಇದರಲ್ಲಿ ನನಗೆ ಎಳ್ಳಷ್ಟೂ ಭಿನ್ನಾಭಿಪ್ರಾಯವಿಲ್ಲ. ಅಗಲವಾದ ರಸ್ತೆಯ ಅಂಚಿನಲ್ಲಿ ಕಟ್ಟೆಗೆ ಬದಲಾಗಿ ಒಂದು ಆಸನವನ್ನಿಡುವ ಯೋಚನೆ ನಕ್ಷೆ ಬರೆಯುವವರಿಗೆ ಬರಲಿಲ್ಲವಲ್ಲ ಎಂಬುದೇ ನನ್ನ ವ್ಯಥೆ.

ಹಿರಿಯರ ಪ್ರಯಾಣಕ್ಕಾಗಿ ಸರಕಾರ ಏನನ್ನೂ ಮಾಡಿಲ್ಲವೆಂದು ಹೇಳಿದರೆ ಅಪಚಾರವಾದೀತು. ಅರವತ್ತು ತುಂಬಿದವರಿಗೆ ಸಾರಿಗೆ ನಿಗಮದ ಬಸ್ಸಿನಲ್ಲಿ ಟಿಕೀಟಿನ ಬೆಲೆಯಲ್ಲಿ ನೂರಕ್ಕೆ 25ರಷ್ಟು ರಿಯಾಯಿತಿ ಬಹುಕಾಲದಿಂದ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣವೇ ಇಲ್ಲ. ಇದರಿಂದ ನಮ್ಮ ಆಯಿಯರ ಬದುಕಿನಲ್ಲಿ ಆದ ಬದಲಾವಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗಳ ಊರಿಗೆ ಹೋಗಲು ಮಗನ ಮುಂದೆ ಕೈಚಾಚಬೇಕಾಗಿದ್ದವರು ಇಂದು ಆಧಾರ್ ಚೀಟಿಯೊಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ತಾವೇ ಹೊರಡುತ್ತಾರೆ. ಮುದುಕಿಯ ಮುಖದಲ್ಲಿ ಆಗ ಕಾಣುವ ಸ್ವಾತಂತ್ರ್ಯದ ಕಳೆಗೆ ನಾನು ಬೆಲೆ ಕಟ್ಟಲಾರೆನು. ಆದರೆ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಅವರ ಮೊಣಕಾಲಿನ ಮಟ್ಟಕ್ಕೆ ಇರುವುದು. ನಿಲ್ದಾಣದಲ್ಲಿ ಕಟ್ಟಿದ ಕಟ್ಟೆಗೆ ಒತ್ತಾಗಿ ಬಸ್ಸು ನಿಲ್ಲದೆ ನಾಲ್ಕು ಮಾರು ದೂರ ನಿಂತರಂತೂ ಆ ಎತ್ತರ ಇನ್ನೂ ಹೆಚ್ಚುವುದು. “ಆಯಿ, ಲಗೂನೆ ಹತ್ತು, ಗಾಡಿ ಬಿಡತೀನಿ” ಎಂಬ ಕೂಗಿನಲ್ಲಿ ಕ್ರೌರ್ಯವಿಲ್ಲ. ಕಂಡಕ್ಟರನ ತಲೆಯ ಮೇಲೂ ವೇಳೆಯ ಕತ್ತಿ ತೂಗುತ್ತಿರುತ್ತದೆ. ಎರಡೂ ಕೈಗಳಿಂದ ಕಂಬಿ ಹಿಡಿದು, ಮೊದಲು ಗಟ್ಟಿಯಿರುವ ಕಾಲನ್ನೆತ್ತಿ, ಆಮೇಲೆ ನೋವಿರುವ ಕಾಲನ್ನು ಎಳೆದುಕೊಳ್ಳುವ ಆ ಕ್ಷಣದಲ್ಲಿ ಚೀಲವನ್ನು ಯಾರು ಹಿಡಿಯಬೇಕು ಎಂಬ ಪ್ರಶ್ನೆಗೆ ಉತ್ತರ ಯಾವ ಯೋಜನೆಯಲ್ಲಿಯೂ ಇಲ್ಲ. ಹೆಚ್ಚಿನ ಸಲ ಯಾರೋ ಒಬ್ಬ ಹುಡುಗ ಹಿಡಿಯುತ್ತಾನೆ. ಅವನಿಗೆ ದೇವರು ಒಳ್ಳೆಯದು ಮಾಡಲಿ.

ರೈಲಿನ ಸಂಗತಿಯೇ ಬೇರೆ. ನಮ್ಮ ಸೀಮೆಗೂ ರೈಲಿಗೂ ಒಂದೂವರೆ ಶತಮಾನದ ನಂಟು. ಮುಂಬಯಿಯ ಕಡೆಯಿಂದ ಬಂದ ಮಾರ್ಗ ವಾಡಿಯನ್ನು ಹಾದು 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮರ ರಾಜ್ಯದ ರೈಲುದಾರಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹಾದು ಸಿಕಂದರಾಬಾದಿಗೆ ಕೂಡಿಕೊಂಡಿತು. ಚಿಂಚೋಳಿಯವರಿಗೆ ಮಾತ್ರ ಈ ಭಾಗ್ಯ ಇಂದಿಗೂ ಒದಗಿಲ್ಲ. ಹೈದರಾಬಾದಿನ ದವಾಖಾನೆಗಳಿಗೆ ಹೋಗುವ ನಮ್ಮ ಮುದುಕರು ಬಸ್ಸಿಗಿಂತ ರೈಲನ್ನು ಮೆಚ್ಚುವುದಕ್ಕೆ ಕಾರಣ ಹೇಳಬೇಕೇ? ಕಾಲು ಚಾಚಬಹುದು, ಎದ್ದು ನಾಲ್ಕು ಹೆಜ್ಜೆ ಇಡಬಹುದು, ಎಲ್ಲಕ್ಕಿಂತ ಮಿಗಿಲಾಗಿ ಗಾಡಿಯೊಳಗೆ ಶೌಚದ ಅನುಕೂಲವಿದೆ. ಅರವತ್ತು ತುಂಬಿದ ಗಂಡಸರಿಗೆ ನೂರಕ್ಕೆ 40, ಐವತ್ತೆಂಟು ತುಂಬಿದ ಹೆಂಗಸರಿಗೆ ನೂರಕ್ಕೆ 50ರಂತೆ ರೈಲ್ವೆ ಕೊಡುತ್ತಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ, ಮಹಾಮಾರಿಯ ಕಾಲದಲ್ಲಿ, ನಿಂತಿತು. ವೃದ್ಧರು ಅನವಶ್ಯಕವಾಗಿ ಹೊರಡದಿರಲೆಂಬುದು ಅಂದಿನ ಉದ್ದೇಶವಾಗಿತ್ತು. ರೋಗ ಇಳಿದ ಮೇಲೂ ಆ ರಿಯಾಯಿತಿ ಮರಳಲಿಲ್ಲ. ತಿಂಗಳಿಗೆ ಸಾವಿರದ ಚಿಲ್ಲರೆ ರೂಪಾಯಿಯ ಪಗಾರದಲ್ಲಿ ಗುಳಿಗೆ ಕೊಳ್ಳುವವನಿಗೆ ಆ ರಿಯಾಯಿತಿ ಕೇವಲ ಹಣವಾಗಿರಲಿಲ್ಲ. ನೀನು ಪ್ರಯಾಣಿಸಬೇಕಾದವನು, ಪ್ರಯಾಣಿಸಲು ಅರ್ಹನು ಎಂದು ದೇಶವು ಅವನಿಗೆ ಬರೆದುಕೊಟ್ಟ ಚೀಟಿಯಾಗಿತ್ತು. ಅದನ್ನು ಮರಳಿ ಕೊಡಬೇಕೆಂದು ನಾನು ಈ ಮೂಲಕ ಬಿನ್ನವಿಸಿಕೊಳ್ಳುತ್ತೇನೆ.

ಇನ್ನು ಸಭ್ಯತೆಯ ಹೆಸರಿನಲ್ಲಿ ನಾವು ಬಾಯಿಬಿಡದ ಒಂದು ವಿಷಯವನ್ನು ಹೇಳದೆ ಮುಂದಕ್ಕೆ ಹೋಗಲಾರೆನು. ನಮ್ಮ ಕಡೆಯ ವೃದ್ಧೆಯರು ಪಟ್ಟಣಕ್ಕೆ ಹೊರಡುವ ದಿನ ಬೆಳಗಿನಿಂದ ನೀರು ಕುಡಿಯುವುದಿಲ್ಲ. ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾದರೆ ಎಲ್ಲಿಗೆ ಹೋಗುವುದು ಎಂಬ ಭಯವೇ ಇದಕ್ಕೆ ಮೂಲ. ಚೈತ್ರ ವೈಶಾಖಗಳಲ್ಲಿ ಉಷ್ಣಮಾನ 42, 43 ಡಿಗ್ರಿಗೆ ಏರುವ ಸೀಮೆ ನಮ್ಮದು; ಬಿಸಿಲಿನ ಪ್ರಖರತೆಯ ಕಾರಣದಿಂದಲೇ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ನೌಕರರಿಗೆ ದೊರೆತ ಈ ದಯೆ ಸರಿಯಾದುದೇ. ಆದರೆ ಬಸ್ಸಿನ ವೇಳಾಪಟ್ಟಿ ಕಚೇರಿಯ ವೇಳೆಯೊಂದಿಗೆ ಬದಲಾಗದಿದ್ದರೆ, ಕೆಲಸ ಮುಗಿಸಿ ಒಂದೂವರೆಗೆ ಹೊರಬಿದ್ದ ಮುದುಕಿ ಮನೆಗೆ ಮರಳುವುದು ದಿನದ ಅತಿ ಉರಿಬಿಸಿಲಿನಲ್ಲಿ, ಅದೂ ಬೆಳಗಿನಿಂದ ಹನಿ ನೀರು ಕುಡಿಯದ ಶರೀರದಲ್ಲಿ. ನನ್ನ ಪರಿಚಯದ ಹಿರಿಯರೊಬ್ಬರು ರಕ್ತದೊತ್ತಡದ ಗುಳಿಗೆಯನ್ನು ತೆಗೆದುಕೊಂಡರೆ ಮೇಲಿಂದ ಮೇಲೆ ಮೂತ್ರವಾಗುತ್ತದೆಂದು, ವೈದ್ಯರನ್ನು ಕಾಣುವ ದಿನವೇ ಅದನ್ನು ಬಿಡುತ್ತಿದ್ದರು; ವೈದ್ಯರು ಒತ್ತಡ ಏರಿದೆಯೆಂದು ಗುಳಿಗೆ ಹೆಚ್ಚಿಸುತ್ತಿದ್ದರು; ಅದನ್ನು ಮನೆಯಲ್ಲಿ ಕ್ರಮವಾಗಿ ತೆಗೆದುಕೊಂಡಾಗ ತಲೆ ಸುತ್ತಿ ಬೀಳುತ್ತಿದ್ದರು. ಎರಡು ವರ್ಷ ಈ ಚಕ್ರ ಹೀಗೆಯೇ ಸುತ್ತಿತು. ಬೀಳುವುದಕ್ಕೆ ಕಾರಣ ಗುಳಿಗೆಯಲ್ಲ, ಬಸ್ ನಿಲ್ದಾಣದ ಹಿಂದಿನ ಬೀಗ ಹಾಕಿದ ಶೌಚಾಲಯ ಎಂಬುದು ಯಾರಿಗೆ ಹೊಳೆಯಬೇಕು? ನೀರು, ನೆರಳು, ಶೌಚ, ಆಸನ, ಈ ನಾಲ್ಕು ಇಲ್ಲದಲ್ಲಿ ಬಿಟ್ಟಿ ಟಿಕೀಟು ಮನೆಯ ಗೂಡಿನಲ್ಲಿಯೇ ಉಳಿಯುವುದು.

ದಾರಿಹೋಕರ ಚಿಂತೆ ನಮ್ಮ ನಾಡಿಗೆ ಹೊಸತೇನೂ ಅಲ್ಲ. ಅರವಟ್ಟಿಗೆಗೆ ಭೂಮಿ ಬಿಟ್ಟುಕೊಟ್ಟ ದತ್ತಿಗಳನ್ನು ನಮ್ಮ ಶಾಸನಗಳು ಹೇಳುತ್ತವೆ. ಚಿತ್ತಾಪುರ ತಾಲೂಕಿನ ಭೀಮಾತೀರದ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಗುಡಿಯ ಮಾಡು ಕುಸಿದಾಗ, 1986ರಲ್ಲಿ, ದೇವಿಯ ಮೂರ್ತಿಗೆ ಪೀಠವಾಗಿ ಕೂಡಿಸಿದ್ದ ಕಲ್ಲುಚಪ್ಪಡಿಯ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಕಾಣಿಸಿಕೊಂಡಿತು. ಆ ಚಕ್ರವರ್ತಿಯೇ ತನ್ನ ಬೇರೆ ಶಾಸನಗಳಲ್ಲಿ ದಾರಿಯ ಬದಿಗೆ ಆಲದ ಮರಗಳನ್ನು ನೆಡಿಸಿದುದನ್ನೂ ಬಾವಿಗಳನ್ನು ತೋಡಿಸಿದುದನ್ನೂ ವಿಶ್ರಾಂತಿಯ ತಾಣಗಳನ್ನು ಮಾಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಅರಸನೊಬ್ಬ ತನ್ನ ಆಳ್ವಿಕೆಯ ಹೆಗ್ಗಳಿಕೆಯೆಂದು ಕಲ್ಲಿನಲ್ಲಿ ಕೊರೆಸಿದ ಕೆಲಸ ಮರದ ನೆರಳು, ಕುಡಿಯುವ ನೀರು, ಕೂಡುವ ಎಡೆ! ನಿಜಾಮ ಸಂಸ್ಥಾನವಾದರೂ 1932ರಲ್ಲಿ ರೈಲ್ವೆ ಇಲಾಖೆಯ ಆಶ್ರಯದಲ್ಲಿ 27 ಬಸ್ಸುಗಳೊಂದಿಗೆ ಸರಕಾರಿ ಸಾರಿಗೆಯನ್ನು ಆರಂಭಿಸಿ ಈ ವಿಷಯದಲ್ಲಿ ದೇಶಕ್ಕೇ ಮೊದಲನೆಯದಾಯಿತು.

ಹೊರಗಿನ ಲೋಕವೂ ಈಗ ಇದೇ ದಿಕ್ಕಿನಲ್ಲಿ ಯೋಚಿಸುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯು ವೃದ್ಧರಿಗೆ ಹಿತವಾದ ನಗರ ಹೇಗಿರಬೇಕೆಂಬ ಕೈಪಿಡಿಯೊಂದನ್ನು 2007ರಲ್ಲಿ ಹೊರತಂದಾಗ, ಅದಕ್ಕಾಗಿ ನಾನಾ ದೇಶಗಳ ನಗರಗಳಲ್ಲಿ ಮುದುಕರನ್ನೇ ಕೂರಿಸಿಕೊಂಡು ಕೇಳಿದರು. ನಮ್ಮ ದೆಹಲಿ, ಉದಯಪುರಗಳೂ ಅವುಗಳಲ್ಲಿ ಸೇರಿದ್ದವು. ಹಿರಿಯರು ಎಲ್ಲೆಡೆ ಕೇಳಿದುದು ಅರಮನೆಯನ್ನಲ್ಲ: ಹೊರಗೆ ಕೂಡಲು ಆಸನ, ಎಡವದ ಕಾಲುದಾರಿ, ಶುಚಿಯಾದ ಶೌಚಾಲಯ. ಸಿಂಗಪುರದಲ್ಲಿ 2009ರಿಂದ ಆಯ್ದ ಚೌಕಗಳಲ್ಲಿ ಹಿರಿಯರು ತಮ್ಮ ಚೀಟಿಯನ್ನು ಕಂಬದ ಯಂತ್ರಕ್ಕೆ ಮುಟ್ಟಿಸಿದರೆ ಹಸಿರು ದೀಪ ಇನ್ನು ಕೆಲವು ಸೆಕೆಂಡು ಹೆಚ್ಚು ಹೊತ್ತು ಉರಿದು ಅವರನ್ನು ದಾಟಿಸುತ್ತದೆ. ನಮಗೆ ಅಂಥ ಯಂತ್ರಗಳು ಬೇಕಿಲ್ಲ.

ಬೇಕಾದುದು ನಮ್ಮ ಕಾಲ ಕೆಳಗೇ ಇದೆ. ಭೀಮಾ ಕಾಗಿಣಾ ನದಿಗಳ ಈ ಪ್ರದೇಶದಲ್ಲಿ ಸುಣ್ಣದ ಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿದೆ. ಉಳಿ ತಾಕಿಸಿದರೆ ಚಪ್ಪಟೆಯಾದ ಚಪ್ಪಡಿಯಾಗಿ ಎದ್ದು ಬರುತ್ತದೆ. ಶಹಾಬಾದಿನ ಫರಸಿ ಎಂದರೆ ಮುಂಬಯಿ ಪುಣೆಗಳ ಮನೆಗಳಲ್ಲಿಯೂ ಹೆಸರು ಗೊತ್ತು. ಎಷ್ಟೋ ಊರುಗಳ ನಡುಮನೆ, ಅಡುಗೆಮನೆ, ರೈಲುನಿಲ್ದಾಣಗಳಿಗೆ ನೆಲಹಾಸಿದ ಈ ಕಲ್ಲಿನ ಒಡೆದ ತುಂಡುಗಳು, ಅಂಚು ಮುಕ್ಕಾದ ಚಪ್ಪಡಿಗಳು, ಖಣಿಗಳ ಬದಿಗೂ ಪಾಲಿಶ್ ಅಂಗಡಿಗಳ ಹಿತ್ತಲಿಗೂ ರಾಶಿ ರಾಶಿಯಾಗಿ ಬಿದ್ದಿವೆ. ಮಾರಲು ಬಾರದ ಆ ಚಪ್ಪಡಿ ಕೂಡಲು ಬರುತ್ತದೆ. ಎರಡು ಗಟ್ಟಿ ಕಲ್ಲುಗಳನ್ನು ಮೊಣಕಾಲಿನ ಎತ್ತರಕ್ಕೆ ನಿಲ್ಲಿಸಿ ಮೇಲೆ ಒಂದನ್ನು ಹಾಸಿದರೆ ಆಯಿತು. ಗುತ್ತಿಗೆದಾರನ ಟೆಂಡರಿನ ಅವಶ್ಯಕತೆಯೂ ಇಲ್ಲ. ಪುರಸಭೆಗಳು ಬಸ್ ನಿಲ್ದಾಣದಿಂದ ದವಾಖಾನೆಗೆ, ಬ್ಯಾಂಕಿಗೆ, ಸಂತೆಗೆ ಹೋಗುವ ದಾರಿಗಳನ್ನು ಒಬ್ಬ ಎಂಬತ್ತರ ತಾಯಿಯ ಜೊತೆ ಒಮ್ಮೆ ನಡೆದು, ಅವಳು ನಿಂತಲ್ಲೆಲ್ಲ ಸುಣ್ಣದ ಗುರುತು ಹಾಕಿಕೊಂಡು ಬಂದರೆ, ಆಸನಗಳ ನಕ್ಷೆ ತಾನೇ ಸಿದ್ಧವಾಗುವುದು. ನೂರಿನ್ನೂರು ಹೆಜ್ಜೆಗೊಂದು ಚಪ್ಪಡಿ, ಅದಕ್ಕೊಂದು ಬೇವಿನ ಗಿಡ, ಗಿಡ ಬೆಳೆಯುವವರೆಗೆ ತಗಡಿನ ನೆರಳು. ಬಿಸಿಲಿನಲ್ಲಿ ಬಿಟ್ಟ ಕಲ್ಲು ಹೆಂಚಿನಂತೆ ಕಾಯುವುದರಿಂದ ನೆರಳನ್ನು ಮರೆಯಬಾರದು.

ಕಳೆದ ಮಾಗಿಯಲ್ಲಿ ಮತ್ತೆ ಆ ತಾಯಿಯ ಜೊತೆ ಅದೇ ದಾರಿಯಲ್ಲಿ ಹೋದೆನು. ಬೇವಿನ ಕಟ್ಟೆ ಹೋಗಿದ್ದಲ್ಲಿಂದ ಸ್ವಲ್ಪ ಮುಂದೆ ಚಹದಂಗಡಿಯವನೊಬ್ಬ ಯಾರೂ ಹೇಳದೆಯೇ ಒಂದು ಮುಕ್ಕಾದ ಫರಸಿಯನ್ನು ತಂದು, ಎರಡು ಗುಂಡುಕಲ್ಲುಗಳ ಮೇಲೆ ಹಾಸಿ, ತನ್ನ ಅಂಗಡಿಯ ತಟ್ಟಿನ ಚಪ್ಪರವನ್ನು ಅದರ ಮೇಲಕ್ಕೆ ಎಳೆದಿದ್ದನು. ಚಹ ಕುಡಿಯದವರನ್ನೂ ಅವನು ಎಬ್ಬಿಸುತ್ತಿರಲಿಲ್ಲ. ಆಯಿ ಬಡಿಗೆಯ ತುದಿಯಿಂದ ಕಲ್ಲನ್ನು ಎರಡು ಸಲ ಬಡಿದು, ಅಲುಗಾಡುವುದಿಲ್ಲವೆಂದು ಖಚಿತವಾದ ಮೇಲೆ ಕುಳಿತರು. ಅಂಗೈಯನ್ನು ಚಪ್ಪಡಿಯ ಮೇಲೆ ಹರಡಿ, “ತಣ್ಣಗದ” ಎಂದರು. ಅಷ್ಟರಲ್ಲಿ ಎದುರಿನಿಂದ ಇನ್ನೊಬ್ಬ ಮುದುಕಿ, ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಗೋಡೆ ಹಿಡಿದು ಹಿಡಿದು ಬರುತ್ತಿದ್ದುದು ಕಾಣಿಸಿತು. ಆಯಿ ತಮ್ಮ ಚೀಲವನ್ನೆತ್ತಿ ತೊಡೆಯ ಮೇಲಿಟ್ಟು, ಒಂದು ಬದಿಗೆ ಸರಿದು, “ಬಾ ಯವ್ವಾ, ಕೂಡು. ಯಾ ಊರು ನಿಂದು?” ಎಂದರು. ಬಂದವಳು ಕುಳಿತು, ಉಸಿರು ಹದಕ್ಕೆ ಬರುವವರೆಗೆ ಮಾತಾಡದೆ, ಆಮೇಲೆ “ಚಿಂಚೋಳಿ ಕಡಿ” ಎಂದಳು.